ಹೊರೆ ಹೊತ್ತ ಟೂರಿಂಗ್ ಬೈಕಿಗೆ ಹೊಸ ಹಿಂಬದಿ ಶಾಕ್: ಓಲಿನ್ಸ್ ಎಸ್‌ಟಿಎಕ್ಸ್ 46 ವಿಮರ್ಶೆ

ಟೂರಿಂಗ್ ಮೋಟಾರ್‌ಸೈಕಲ್ಲಿನ ಬಿಡಿಭಾಗಗಳಲ್ಲಿ ಅತಿ ಕಷ್ಟದ ಕೆಲಸವನ್ನು ಅತಿ ಕಡಿಮೆ ಗೌರವಕ್ಕೆ ಮಾಡುವುದು ಹಿಂಬದಿಯ ಶಾಕ್ ಅಬ್ಸಾರ್ಬರ್. ಒಂದು ದಿನ ಅದು ಒಬ್ಬನೇ ಸವಾರನನ್ನು ಹೊತ್ತು ಹಗುರವಾಗಿ ಓಡಬೇಕು. ಮರುದಿನ ಅದೇ ಶಾಕ್, ಅದೇ ಸ್ಪ್ರಿಂಗ್, ಹಿಂಬದಿ ಸವಾರರನ್ನೂ ಪಕ್ಕಕ್ಕೆ ತೂಗುವ, ತುಂಬಿದ ಎರಡು ಪ್ಯಾನಿಯರ್ ಪೆಟ್ಟಿಗೆಗಳನ್ನೂ ಮೇಲಿನ ಪೆಟ್ಟಿಗೆಯನ್ನೂ ಹೊತ್ತು, ಗಂಟೆಗಟ್ಟಲೆ ಹೆದ್ದಾರಿಯ ವೇಗದಲ್ಲಿ, ಇಂಜಿನ್ನಿನ ಬಿಸಿಯ ಪಕ್ಕದಲ್ಲೇ ನಿಂತು ದುಡಿಯಬೇಕು. ಕಾರ್ಖಾನೆಯಿಂದ ಬರುವ ಶಾಕ್ ಈ ಎರಡೂ ದಿನಗಳ ನಡುವಿನ ಯಾವುದೋ ಒಂದು ಸರಾಸರಿಗೆ ಹೊಂದಿಸಿದ್ದಾಗಿರುತ್ತದೆ. ಸರಾಸರಿ ತೂಕದ ಸವಾರ, ಸರಾಸರಿ ರಸ್ತೆ, ಸರಾಸರಿ ಸಾಮಾನು. ಆ ಸರಾಸರಿಗೆ ಹತ್ತಿರವಿರುವವರಿಗೆ ಅದು ಸಾಕು. ಜೊತೆಗೊಬ್ಬರನ್ನು ಕೂರಿಸಿಕೊಂಡು, ಸಾಮಾನು ಕಟ್ಟಿಕೊಂಡು ದೂರ ಹೋಗುವವರಿಗೆ ಅದು ಬಹಳ ಬೇಗ ಸಾಲದಾಗುತ್ತದೆ. ನನ್ನ ನಾಲ್ಕು ಸಿಲಿಂಡರಿನ, ಸುಮಾರು 270 ಕೆ.ಜಿ. ತೂಕದ ಸ್ಪೋರ್ಟ್ಸ್ ಟೂರಿಂಗ್ ಬೈಕಿಗೆ ಓಲಿನ್ಸ್ ಎಸ್‌ಟಿಎಕ್ಸ್ 46 ಶ್ರೇಣಿಯ ಶಾಕನ್ನು, ನಮ್ಮಿಬ್ಬರ ತೂಕಕ್ಕೂ ಸಾಮಾನಿನ ತೂಕಕ್ಕೂ ಆಯ್ದ ಸ್ಪ್ರಿಂಗ್‌ನೊಂದಿಗೆ, ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕೆಂಬುದನ್ನು (ಪ್ರೀಲೋಡ್) ಹೊಂದಿಸುವ ಹೈಡ್ರಾಲಿಕ್ ಗುಬುಟಿನೊಂದಿಗೆ ಹಾಕಿಸಿ ಒಂದಿಡೀ ಪ್ರವಾಸದ ಋತುವನ್ನು ಕಳೆದ ಬಳಿಕ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಈ ಬದಲಾವಣೆಯಲ್ಲಿ ನಾವು ಕೊಳ್ಳುವ ನಿಜವಾದ ವಸ್ತು ನಮ್ಮ ತೂಕಕ್ಕೆ ಸರಿಯಾದ ಸ್ಪ್ರಿಂಗ್. ಸ್ಪ್ರಿಂಗಿನ ಕುಣಿತವನ್ನು ಎಣ್ಣೆಯ ಪ್ರತಿರೋಧದಿಂದ ತಡೆಯುವ ಡ್ಯಾಂಪರಿನ ಗುಣಮಟ್ಟ ಎರಡನೆಯದು. ಹೊಂದಾಣಿಕೆಯ ಗುಬುಟುಗಳು ಮೂರನೆಯದು. ಬಹುತೇಕ ಸವಾರರು ಈ ಸಾಲನ್ನು ತಲೆಕೆಳಗಾಗಿ ಓದುತ್ತಾರೆ.

ಹಳೆಯ ಶಾಕ್ ಏನು ಮಾಡುತ್ತಿತ್ತು ಎಂಬುದನ್ನು ಹೇಳದೆ ಹೊಸದರ ಬೆಲೆ ತಿಳಿಯುವುದಿಲ್ಲ. ಒಬ್ಬನೇ ಓಡಿಸುವಾಗ ದೂರುವಂಥದ್ದು ಹೆಚ್ಚೇನೂ ಇರಲಿಲ್ಲ. ಕುಳಿತರೆ ಮೆತ್ತಗಿತ್ತು, ಸಣ್ಣ ಗುಂಡಿಗಳನ್ನು ನುಂಗುತ್ತಿತ್ತು. ಹಿಂಬದಿ ಸವಾರರೂ ಸಾಮಾನೂ ಸೇರಿದಾಗ ಬೈಕಿನ ಹಿಂಭಾಗ ಕುಸಿದು ಮೂತಿ ಮೇಲಕ್ಕೇಳುತ್ತಿತ್ತು. ಇದು ನೋಟದ ಸಮಸ್ಯೆಯಲ್ಲ. ಹಿಂಭಾಗ ಇಳಿದಷ್ಟೂ ಮುಂದಿನ ಫೋರ್ಕಿನ ಕೋನ ಹಿಂದಕ್ಕೆ ವಾಲುತ್ತದೆ, ಟ್ರೇಲ್ (ಸ್ಟೀರಿಂಗಿನ ಅಕ್ಷ ನೆಲ ಮುಟ್ಟುವ ಬಿಂದುವಿಗೂ ಮುಂದಿನ ಟೈರು ನೆಲ ಮುಟ್ಟುವ ಬಿಂದುವಿಗೂ ನಡುವಿನ ಅಂತರ) ಹೆಚ್ಚುತ್ತದೆ, ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ. ಇದರಿಂದ ತಿರುವಿಗೆ ಬಾಗಲು ಬೈಕು ಒಲ್ಲೆನೆನ್ನುತ್ತದೆ, ಬಾಗಿದ ಮೇಲೂ ನಾವು ಬಯಸಿದ ಗೆರೆಗಿಂತ ಹೊರಗೆ ಸರಿಯುತ್ತದೆ, ಹೆದ್ದಾರಿಯಲ್ಲಿ ದೊಡ್ಡ ಲಾರಿಯನ್ನು ಹಿಂದಿಕ್ಕುವಾಗ ಅದರ ಗಾಳಿಗೆ ಹ್ಯಾಂಡಲ್ ಸಡಿಲವಾದಂತೆ ಅನಿಸುತ್ತದೆ, ರಾತ್ರಿಯಲ್ಲಿ ಹೆಡ್‌ಲೈಟ್ ರಸ್ತೆಯನ್ನು ಬಿಟ್ಟು ಎದುರಿನವರ ಕಣ್ಣನ್ನು ಬೆಳಗುತ್ತದೆ. ಸೆಂಟರ್ ಸ್ಟ್ಯಾಂಡಿನ ಕಾಲು ತಿರುವಿನಲ್ಲಿ ನೆಲಕ್ಕೆ ತಾಗುವುದೂ ಇದೇ ಕಾರಣಕ್ಕೆ. ಇದರ ಜೊತೆಗೆ ಡ್ಯಾಂಪಿಂಗ್ ದಣಿದಿತ್ತು. ರಸ್ತೆಯ ದೀರ್ಘವಾದ ಉಬ್ಬುತಗ್ಗನ್ನು ವೇಗದಲ್ಲಿ ದಾಟಿದರೆ ಹಿಂಭಾಗ ಒಮ್ಮೆ ಎದ್ದು ಇಳಿದು ಸುಮ್ಮನಾಗುವ ಬದಲು ಮತ್ತೊಮ್ಮೆ, ಮಗದೊಮ್ಮೆ ಎದ್ದಿಳಿಯುತ್ತಿತ್ತು.

ಈ ಲಕ್ಷಣಗಳನ್ನು ಕಂಡ ಸವಾರರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಪ್ರೀಲೋಡನ್ನು ಕೊನೆಯವರೆಗೆ ಬಿಗಿಗೊಳಿಸುವುದು. ಅದು ಸ್ಪ್ರಿಂಗನ್ನು ಗಡಸು ಮಾಡುತ್ತದೆ ಎಂಬ ನಂಬಿಕೆ ಬಹಳ ವ್ಯಾಪಕವಾಗಿದೆ, ಆದರೆ ಅದು ನಿಜವಲ್ಲ. ಸಮ ಸುರುಳಿಯ ಸ್ಪ್ರಿಂಗಿನಲ್ಲಿ ಪ್ರೀಲೋಡ್ ಬದಲಿಸುವುದು ಬೈಕು ನಿಲ್ಲುವ ಎತ್ತರವನ್ನು ಮಾತ್ರ. ಪ್ರತಿ ಮಿಲಿಮೀಟರಿಗೆ ಎಷ್ಟು ಬಲ ಎಂಬ ಸ್ಪ್ರಿಂಗಿನ ಸ್ವಭಾವ ತಂತಿಯ ದಪ್ಪ, ಸುರುಳಿಯ ವ್ಯಾಸ, ಸುರುಳಿಗಳ ಸಂಖ್ಯೆ ಇವುಗಳಿಂದ ತೀರ್ಮಾನವಾಗುತ್ತದೆ, ಅದನ್ನು ಯಾವ ಗುಬುಟೂ ತಿರುಗಿಸಿ ಬದಲಿಸಲಾರದು. ಇದನ್ನು ಲೆಕ್ಕದಲ್ಲಿ ನೋಡುವುದು ಒಳ್ಳೆಯದು, ಏಕೆಂದರೆ ಇಡೀ ಖರೀದಿಯ ಸಮರ್ಥನೆ ಈ ಲೆಕ್ಕದಲ್ಲೇ ಇದೆ.

ನನ್ನ ಬೈಕಿನಲ್ಲಿ ಹಿಂದಿನ ಚಕ್ರ ಸುಮಾರು 135 ಮಿ.ಮೀ. ಚಲಿಸಿದರೆ ಚಕ್ರದ ತೋಳನ್ನು ಶಾಕಿಗೆ ಜೋಡಿಸುವ ಸನ್ನೆಗಳಾದ ಲಿಂಕೇಜ್‌ನ ಮೂಲಕ ಶಾಕ್ ಚಲಿಸುವುದು ಸುಮಾರು 54 ಮಿ.ಮೀ.; ಅಂದರೆ ಅನುಪಾತ ಸರಾಸರಿ 2.5. ಚಕ್ರದ ಬಳಿ ಅನುಭವಕ್ಕೆ ಬರುವ ಗಡಸುತನವನ್ನು ತಿಳಿಯಲು ಸ್ಪ್ರಿಂಗ್ ರೇಟನ್ನು ಈ ಅನುಪಾತದ ವರ್ಗದಿಂದ, ಅಂದರೆ 6.25ರಿಂದ ಭಾಗಿಸಬೇಕು. ಮಿಲಿಮೀಟರಿಗೆ 110 ನ್ಯೂಟನ್‌ನ ಹಳೆಯ ಸ್ಪ್ರಿಂಗ್ ಚಕ್ರದ ಬಳಿ 17.6 ನ್ಯೂಟನ್ ಆಗುತ್ತದೆ. 140 ನ್ಯೂಟನ್‌ನ ಹೊಸ ಸ್ಪ್ರಿಂಗ್ 22.4 ಆಗುತ್ತದೆ. 60 ಕೆ.ಜಿ.ಯ ಹಿಂಬದಿ ಸವಾರ, 35 ಕೆ.ಜಿ. ಸಾಮಾನು ಸೇರಿದಾಗ ಅದರಲ್ಲಿ ಸುಮಾರು 80 ಕೆ.ಜಿ. ಹಿಂದಿನ ಚಕ್ರಕ್ಕೇ ಬೀಳುತ್ತದೆ ಎಂದುಕೊಂಡರೆ, ಹಳೆಯ ಸ್ಪ್ರಿಂಗ್ ಆ ಹೊರೆಗೆ ಸುಮಾರು 45 ಮಿ.ಮೀ. ಕುಸಿಯುತ್ತದೆ, ಹೊಸದು 35 ಮಿ.ಮೀ. ಕುಸಿಯುತ್ತದೆ. 10 ಮಿ.ಮೀ. ವ್ಯತ್ಯಾಸ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಹಳೆಯ ಶಾಕಿನಲ್ಲಿ ಒಬ್ಬನೇ ಕುಳಿತಾಗಲೇ 48 ಮಿ.ಮೀ. ಇಳಿದಿರುತ್ತಿತ್ತು, ಪೂರ್ಣ ಹೊರೆಯಲ್ಲಿ, ಪ್ರೀಲೋಡನ್ನು ಕೊನೆಯ ಹಂತಕ್ಕೆ ತಂದ ಮೇಲೂ, 80 ಮಿ.ಮೀ. ಆಗುತ್ತಿತ್ತು. ಒಟ್ಟು 135ರಲ್ಲಿ 80 ನಿಂತಲ್ಲೇ ಖರ್ಚಾದರೆ ರಸ್ತೆಗೆಂದು ಉಳಿಯುವುದು 55 ಮಾತ್ರ. ಒಳ್ಳೆಯ ಗುಂಡಿಯೊಂದು ಅಷ್ಟನ್ನೂ ಕೇಳುತ್ತದೆ, ಆಗ ಸಸ್ಪೆನ್ಷನ್ ತಳ ಮುಟ್ಟಿ ಆ ಏಟು ನೇರವಾಗಿ ಹಿಂಬದಿ ಸವಾರರ ಬೆನ್ನೆಲುಬಿಗೆ ತಲುಪುತ್ತದೆ. ಹೊಸ ಶಾಕಿನಲ್ಲಿ ಒಬ್ಬನೇ ಕುಳಿತಾಗ 38 ಮಿ.ಮೀ., ಪೂರ್ಣ ಹೊರೆಯಲ್ಲಿ ಗುಬುಟನ್ನು ತಿರುಗಿಸಿದ ಬಳಿಕ 48 ಮಿ.ಮೀ. ಇಡೀ ವಿಮರ್ಶೆಯನ್ನು ಎರಡು ಅಂಕಿಗಳಿಗೆ ಇಳಿಸಬೇಕೆಂದರೆ ನಾನು 80 ಮತ್ತು 48 ಎಂದು ಬರೆದು ನಿಲ್ಲಿಸುತ್ತಿದ್ದೆ.

ಇನ್ನು ವಸ್ತುವಿನ ಬಗ್ಗೆ. ಓಲಿನ್ಸ್ ಕಂಪನಿಯನ್ನು ಸ್ವೀಡನ್ನಿನ ಕೆಂಟ್ ಓಲಿನ್ 1976ರಲ್ಲಿ ಆರಂಭಿಸಿದರು; ಮೋಟೊಕ್ರಾಸ್ ಬೈಕುಗಳ ಶಾಕ್‌ಗಳಿಂದ ಅದರ ಹೆಸರು ಬೆಳೆಯಿತು. ಎಸ್‌ಟಿಎಕ್ಸ್ 46 ಅವರ ರಸ್ತೆ ಬಳಕೆಯ ಶ್ರೇಣಿ, ಹೆಸರಿನಲ್ಲಿರುವ 46 ಎಂಬುದು ಒಳಗಿನ ಪಿಸ್ಟನ್ನಿನ ವ್ಯಾಸ, ಮಿಲಿಮೀಟರುಗಳಲ್ಲಿ. ವ್ಯಾಸ ದೊಡ್ಡದಾದಷ್ಟೂ ಒಂದೇ ಚಲನೆಗೆ ಹೆಚ್ಚು ಎಣ್ಣೆ ಪಿಸ್ಟನ್ನಿನ ಮೂಲಕ ಹರಿಯುತ್ತದೆ. ಇದರಿಂದ ಕಡಿಮೆ ಒತ್ತಡದಲ್ಲೇ ಬೇಕಾದ ಡ್ಯಾಂಪಿಂಗ್ ಬಲ ದೊರೆಯುತ್ತದೆ, ಸಣ್ಣ ಚಲನೆಗಳಿಗೂ ಕವಾಟಗಳು ಸ್ಪಂದಿಸುತ್ತವೆ. ಪಿಸ್ಟನ್ನಿನ ಎರಡೂ ಮುಖಗಳಲ್ಲಿ ತೆಳುವಾದ ಉಕ್ಕಿನ ಬಿಲ್ಲೆಗಳ ಅಟ್ಟಿಯಿರುತ್ತದೆ. ಎಣ್ಣೆ ಈ ಬಿಲ್ಲೆಗಳನ್ನು ಬಾಗಿಸಿಕೊಂಡು ಹಾದುಹೋಗಬೇಕು. ಬಿಲ್ಲೆಗಳ ದಪ್ಪ, ಸಂಖ್ಯೆ, ಜೋಡಣೆಯ ಕ್ರಮ ಬದಲಾದರೆ ಶಾಕಿನ ಗುಣವೇ ಬದಲಾಗುತ್ತದೆ. ಹೊರಗಿನ ಗುಬುಟುಗಳು ಮಾಡುವುದು ಈ ಅಟ್ಟಿಯ ಪಕ್ಕದಿಂದ ಸೋರುವ ಎಣ್ಣೆಯ ದಾರಿಯನ್ನು ಅಗಲ ಅಥವಾ ಕಿರಿದು ಮಾಡುವ ಕೆಲಸವನ್ನಷ್ಟೆ.

ಒಳಗಿನ ರಚನೆಯಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಅನಿಲ ಮತ್ತು ಎಣ್ಣೆಯನ್ನು ಬೇರ್ಪಡಿಸುವ ತೇಲುವ ಪಿಸ್ಟನ್. ಅಗ್ಗದ ಶಾಕ್‌ಗಳು ಹಲವು ಎಣ್ಣೆ ಮತ್ತು ಅನಿಲವನ್ನು ಒಂದೇ ಕೋಣೆಯಲ್ಲಿ ಇಟ್ಟುಕೊಂಡಿರುತ್ತವೆ. ಸತತವಾಗಿ ಕುಲುಕಿದಾಗ ಅವೆರಡೂ ಬೆರೆತು ನೊರೆಯಾಗುತ್ತದೆ. ನೊರೆ ಕವಾಟದ ಮೂಲಕ ಹಾದುಹೋಗುವಾಗ ಪ್ರತಿರೋಧ ಬಹಳ ಕಡಿಮೆ. ಬೆಳಿಗ್ಗೆ ಚೆನ್ನಾಗಿದ್ದ ಶಾಕ್ ಮಧ್ಯಾಹ್ನದ ಹೊತ್ತಿಗೆ ಸೋಲುವುದು ಇದರಿಂದಲೇ, ಜೊತೆಗೆ ಬಿಸಿಯಾದ ಎಣ್ಣೆ ತೆಳುವಾಗುವುದರಿಂದ. ಫ್ರಾನ್ಸಿನ ಇಂಜಿನಿಯರ್ ಕ್ರಿಸ್ಟಿಯಾನ್ ಬೂರ್ಸಿಯೆ ದ ಕಾರ್ಬೊನ್ ಅವರ ಏಕನಾಳದ ಶಾಕಿನಲ್ಲಿ ನೈಟ್ರೋಜನ್ ಅನಿಲವನ್ನು ತೇಲುವ ಪಿಸ್ಟನ್ನಿನ ಹಿಂದೆ ಒತ್ತಡದಲ್ಲಿ ತುಂಬಿ ಎಣ್ಣೆಯನ್ನು ಸದಾ ಒತ್ತಿಹಿಡಿಯಲಾಗುತ್ತದೆ. ಒತ್ತಡದಲ್ಲಿರುವ ಎಣ್ಣೆಯಲ್ಲಿ ಗುಳ್ಳೆ ಏಳುವುದು ಕಷ್ಟ. ಇವತ್ತಿನ ಒಳ್ಳೆಯ ಮೋಟಾರ್‌ಸೈಕಲ್ ಶಾಕ್‌ಗಳು ಬಹುತೇಕ ಈ ತತ್ವದ ಮೇಲೇ ನಿಂತಿವೆ, ಎಸ್‌ಟಿಎಕ್ಸ್ 46 ಕೂಡ. ಮತ್ತೊಂದು ಮಾತನ್ನು ಇಲ್ಲಿ ಸೇರಿಸಬೇಕು: 1973ರಲ್ಲಿ ಯಮಾಹಾ ಬೈಕಿನ ಮೇಲೆ ಹೊಕನ್ ಆಂಡರ್ಸನ್ 250 ಸಿಸಿ ಮೋಟೊಕ್ರಾಸ್ ವಿಶ್ವ ಚಾಂಪಿಯನ್ ಆದಾಗ ಗೆದ್ದ ಒಂಟಿ ಶಾಕಿನ ವ್ಯವಸ್ಥೆ, ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಅವರ ಕಲ್ಪನೆ, ಮುಂದೆ ರಸ್ತೆ ಬೈಕುಗಳಿಗೂ ಹರಡಿತು. ಅದರ ಲಾಭಗಳು ಅನೇಕ. ಆದರೆ ಚಕ್ರದ ಎರಡು ಬದಿಗೆ ಗಾಳಿಯಲ್ಲಿ ನಿಂತಿದ್ದ ಎರಡು ಶಾಕ್‌ಗಳ ಕೆಲಸ ಇಂಜಿನ್ನಿನ ಹಿಂದೆ, ಬಿಸಿಗಾಳಿಯ ಮರೆಯಲ್ಲಿ ಇರುವ ಒಂದೇ ಶಾಕಿಗೆ ಬಿತ್ತು. ಟೂರಿಂಗ್ ಬೈಕಿನಲ್ಲಿ ಬಿಸಿಯನ್ನು ತಾಳುವ ಗುಣಕ್ಕೆ ನಾನು ಇಷ್ಟು ಒತ್ತು ಕೊಡುವುದು ಅದಕ್ಕಾಗಿ.

ಈ ಶ್ರೇಣಿಯ ಎಲ್ಲ ಶಾಕ್‌ಗಳಲ್ಲೂ ಒಂದೇ ಬಗೆಯ ಹೊಂದಾಣಿಕೆಗಳಿಲ್ಲ. ಬೈಕಿನ ಮಾದರಿಗೆ ತಕ್ಕಂತೆ ಅವು ಬೇರೆಬೇರೆಯಾಗಿರುತ್ತವೆ. ನಾನು ಆರಿಸಿದ್ದರಲ್ಲಿ ರೀಬೌಂಡ್ (ಒತ್ತಿದ ಶಾಕ್ ಮರಳಿ ಚಾಚುವುದಕ್ಕೆ ಒಡ್ಡುವ ತಡೆ) ಹೊಂದಾಣಿಕೆಯೂ ಕೊಳವೆಯ ಮೂಲಕ ಜೋಡಿಸಿದ ಹೈಡ್ರಾಲಿಕ್ ಪ್ರೀಲೋಡ್ ಗುಬುಟೂ ಇವೆ. ಕಂಪ್ರೆಷನ್ (ಶಾಕ್ ಒತ್ತಿಹೋಗುವುದಕ್ಕೆ ಒಡ್ಡುವ ತಡೆ) ಹೊಂದಾಣಿಕೆ ಇಲ್ಲ, ಅದರ ಕೊರತೆ ನನಗೆ ಒಮ್ಮೆಯೂ ಕಾಣಿಸಲಿಲ್ಲ. ವೇಗದ ಮತ್ತು ನಿಧಾನದ ಕಂಪ್ರೆಷನ್ನಿಗೆ ಬೇರೆಬೇರೆ ಗುಬುಟುಗಳಿರುವ, ಹೊರಗೊಂದು ಎಣ್ಣೆ ಸಂಗ್ರಾಹಕವಿರುವ ಶಾಕ್‌ಗಳು ರೇಸಿನ ಅಂಗಳದಲ್ಲಿ ಸೆಕೆಂಡಿನ ಭಾಗಗಳನ್ನು ಹುಡುಕುವವರಿಗೆ ಬೇಕಾದವು. ಕವಾಟಗಳನ್ನು ಒಳಗೆ ಸರಿಯಾಗಿ ಜೋಡಿಸಿದ್ದರೆ ಪ್ರವಾಸಿಗೆ ರೀಬೌಂಡ್ ಒಂದೇ ಸಾಕು. ಆದರೆ ಪ್ರೀಲೋಡ್ ಗುಬುಟಿನ ಮಾತು ಬೇರೆ. ಅದಿಲ್ಲದ ಶಾಕಿನಲ್ಲಿ ಹೊರೆ ಬದಲಾದಾಗಲೆಲ್ಲ ಕೊಕ್ಕೆಯ ಸ್ಪ್ಯಾನರ್ ಹಿಡಿದು, ಸೈಡ್ ಪ್ಯಾನೆಲ್ ಬಿಚ್ಚಿ, ಕೈ ಹೋಗದ ಸಂದಿಯಲ್ಲಿ ಬಿಗಿಯಾದ ಉಂಗುರವನ್ನು ತಿರುಗಿಸಬೇಕು. ಅಷ್ಟು ಕಷ್ಟವಿದ್ದರೆ ಯಾರೂ ತಿರುಗಿಸುವುದಿಲ್ಲ, ಯಾರೂ ತಿರುಗಿಸದ ಹೊಂದಾಣಿಕೆ ಇದ್ದೂ ಇಲ್ಲದಂತೆ. ಕೈಯಲ್ಲೇ ತಿರುಗುವ ಗುಬುಟು ಇದ್ದುದರಿಂದ ಪ್ಯಾನಿಯರ್ ತೆಗೆದ ಕೂಡಲೇ ಪ್ರೀಲೋಡ್ ಇಳಿಸುವುದು, ಹಿಂಬದಿ ಸವಾರರು ಹತ್ತುವ ಮೊದಲು ಏರಿಸುವುದು ನನಗೆ ಟೈರಿನ ಗಾಳಿ ನೋಡುವಷ್ಟೇ ಸಹಜವಾಗಿದೆ. ಹತ್ತುವ ಮೊದಲು ಎಂದದ್ದು ಸುಮ್ಮನೆ ಅಲ್ಲ. ಹೊರೆ ಬಿದ್ದ ಮೇಲೆ ಗುಬುಟನ್ನು ತಿರುಗಿಸುವುದು ಕೈಗೂ ಅದರ ಸೀಲಿಗೂ ಅನಗತ್ಯ ಶ್ರಮ. ಶಾಕಿನ ಬಳಿ ಸುಮಾರು 10 ಮಿ.ಮೀ. ಚಲಿಸುವ ಈ ಗುಬುಟು 2.5ರ ಅನುಪಾತದಲ್ಲಿ ಚಕ್ರದ ಬಳಿ 25 ಮಿ.ಮೀ. ಎತ್ತರವನ್ನು ಮರಳಿ ಕೊಡುತ್ತದೆ. ಮೇಲೆ ಹೇಳಿದ 35 ಮಿ.ಮೀ. ಕುಸಿತದಲ್ಲಿ ಇಷ್ಟನ್ನು ಕಳೆದರೆ ಉಳಿಯುವುದು 10, ಹಾಗಾಗಿಯೇ 38 ಎಂಬುದು 48 ಆಗಿ ನಿಲ್ಲುತ್ತದೆ.

ಜೋಡಣೆಯನ್ನು ಅನುಭವಿ ಮೆಕ್ಯಾನಿಕ್ ಒಬ್ಬರ ಜೊತೆ ನಿಂತು ಮಾಡಿಸಿದೆ. ಕೆಲಸ ಕಠಿಣವಲ್ಲ, ಆದರೆ ಅವಸರದ್ದೂ ಅಲ್ಲ. ಬೈಕನ್ನು ಚೌಕಟ್ಟಿನ ಆಧಾರದಲ್ಲಿ ನಿಲ್ಲಿಸಿ ಹಿಂಚಕ್ರವನ್ನು ಹಿಡಿದ ತೋಳಾದ ಸ್ವಿಂಗ್‌ಆರ್ಮ್ ಮೇಲಿನ ಭಾರವನ್ನು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಬೋಲ್ಟ್ ಹೊರಬರುವುದೂ ಇಲ್ಲ, ಬಂದರೆ ಚಕ್ರ ಧಪ್ಪೆಂದು ಬೀಳುತ್ತದೆ. ಈ ಹಂತದಲ್ಲಿ ಲಿಂಕೇಜನ್ನು ಬಿಚ್ಚಿ ಅದರ ಸೂಜಿ ಬೇರಿಂಗುಗಳನ್ನು ನೋಡದೆ ಬಿಡುವುದು ದೊಡ್ಡ ಅವಕಾಶವನ್ನು ಕೈಬಿಟ್ಟಂತೆ. ಚಕ್ರದ ನೀರು, ಧೂಳು, ಕೆಸರು ನೇರವಾಗಿ ಎರಚುವ ಜಾಗ ಅದು. ಗ್ರೀಸ್ ಒಣಗಿ ಬೇರಿಂಗ್ ತುಕ್ಕು ಹಿಡಿದರೆ ಎಷ್ಟೇ ಒಳ್ಳೆಯ ಶಾಕ್ ಹಾಕಿದರೂ ಸಣ್ಣ ಗುಂಡಿಗಳಿಗೆ ಅದು ಸ್ಪಂದಿಸುವುದಿಲ್ಲ, ಏಕೆಂದರೆ ಘರ್ಷಣೆ ಶಾಕಿಗಿಂತ ಮೊದಲೇ ಚಲನೆಯನ್ನು ಹಿಡಿದಿಟ್ಟಿರುತ್ತದೆ. ಬೇರಿಂಗುಗಳನ್ನು ತೊಳೆದು, ನೀರು ತಡೆಯುವ ಗ್ರೀಸ್ ತುಂಬಿ, ಬೋಲ್ಟ್‌ಗಳನ್ನು ಬೈಕಿನ ಕೈಪಿಡಿಯ ಟಾರ್ಕಿಗೆ ಬಿಗಿದೆವು. ಗುಬುಟಿನ ಕೊಳವೆ ಸೈಲೆನ್ಸರಿಗೆ ತಾಗದಂತೆ, ಸ್ವಿಂಗ್‌ಆರ್ಮ್ ಪೂರ್ತಿ ಮೇಲಕ್ಕೆ ಹೋದಾಗಲೂ ಸಿಕ್ಕಿಕೊಳ್ಳದಂತೆ ದಾರಿ ಮಾಡುವುದಕ್ಕೆ ನಿಜವಾದ ತಾಳ್ಮೆ ಬೇಕಾಯಿತು. ಶಾಕಿನ ಉದ್ದವನ್ನು ಮೂಲದಷ್ಟೇ ಇಟ್ಟುಕೊಂಡೆ. ಉದ್ದ ಹೆಚ್ಚಿಸಿ ಹಿಂಭಾಗವನ್ನು ಎತ್ತಿದರೆ ಸ್ಟೀರಿಂಗ್ ಚುರುಕಾಗುತ್ತದೆ ಎಂಬುದು ನಿಜ, ಆದರೆ ಹೊರೆ ಹೊತ್ತ ಬೈಕಿಗೆ ಸ್ಥಿರತೆಯೂ ಬೇಕು, ಸೈಡ್ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲುವ ಕೋನವೂ ಬೇಕು. ಸರಿಯಾದ ಸ್ಪ್ರಿಂಗ್ ಹಾಕಿದಾಗ ಹಿಂಭಾಗ ತಾನಾಗಿಯೇ ಏರುತ್ತದೆ. ಚೈನ್ ಇರುವ ಬೈಕಾದರೆ ಎತ್ತರ ಬದಲಾದ ಮೇಲೆ ಚೈನಿನ ಸಡಿಲವನ್ನು, ಯಾವ ಬೈಕಾದರೂ ಹೆಡ್‌ಲೈಟಿನ ಕೋನವನ್ನು ಮತ್ತೆ ನೋಡಬೇಕು.

ಶಾಕ್ ಹಾಕಿದ ದಿನ ಅದು ಇನ್ನೂ ಅರ್ಧ ವಸ್ತು. ಹೊಂದಿಸಿದ ಮೇಲೆ ಪೂರ್ಣವಾಗುತ್ತದೆ. ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಆಕ್ಸಲ್‌ನಿಂದ ನೇರ ಮೇಲೆ ಬಾಡಿಯ ಒಂದು ಗುರುತಿನವರೆಗೆ ಅಳತೆ ತೆಗೆಯಬೇಕು. ಬೈಕು ತನ್ನ ಭಾರದಲ್ಲೇ ನಿಂತಾಗ ಎರಡನೆಯ ಅಳತೆ. ಸವಾರ ಪೂರ್ಣ ಉಡುಪಿನಲ್ಲಿ, ಎರಡೂ ಕಾಲು ಪೆಗ್ ಮೇಲಿಟ್ಟು ಕುಳಿತಾಗ ಮೂರನೆಯದು. ಪ್ರತಿ ಬಾರಿಯೂ ಬೈಕನ್ನು ಒಮ್ಮೆ ಒತ್ತಿ ನಿಧಾನವಾಗಿ ಏಳಲು ಬಿಟ್ಟು, ಒಮ್ಮೆ ಎತ್ತಿ ನಿಧಾನವಾಗಿ ಇಳಿಯಲು ಬಿಟ್ಟು, ಎರಡರ ಮಧ್ಯದ ಅಂಕಿಯನ್ನು ತೆಗೆದುಕೊಂಡರೆ ಸೀಲು ಬೇರಿಂಗುಗಳ ಘರ್ಷಣೆ ಲೆಕ್ಕವನ್ನು ಕೆಡಿಸುವುದಿಲ್ಲ. ರಸ್ತೆ ಬೈಕಿನಲ್ಲಿ ಸವಾರನೊಂದಿಗೆ ಒಟ್ಟು ಚಲನೆಯ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಳಿದರೆ ಸರಿ ಎಂಬುದು ಸಾಮಾನ್ಯ ನಿಯಮ. ನನ್ನ 38 ಮಿ.ಮೀ. 135ರ ಶೇಕಡಾ 28. ಸವಾರನಿಲ್ಲದೆ 18 ಮಿ.ಮೀ. ಇಳಿಯುತ್ತದೆ. ಈ ಎರಡನೆಯ ಅಂಕಿಯನ್ನು ಅನೇಕರು ನೋಡುವುದೇ ಇಲ್ಲ, ಆದರೆ ಸ್ಪ್ರಿಂಗ್ ಸರಿಯೋ ತಪ್ಪೋ ಎಂದು ಹೇಳುವುದು ಅದೇ. ಸವಾರನೊಂದಿಗಿನ ಇಳಿತವನ್ನು ಸರಿಪಡಿಸಿದ ಮೇಲೆ ಸವಾರನಿಲ್ಲದೆ ಬೈಕು ಸ್ವಲ್ಪವೂ ಇಳಿಯದೆ ಮೇಲ್ತುದಿಗೇ ಅಂಟಿಕೊಂಡಿದ್ದರೆ ಸ್ಪ್ರಿಂಗ್ ಮೆದುವಾಗಿದೆ, ಕೊರತೆಯನ್ನು ಪ್ರೀಲೋಡ್ ಮುಚ್ಚಿಟ್ಟಿದೆ ಎಂದರ್ಥ. ಬಹಳ ಇಳಿದರೆ ಸ್ಪ್ರಿಂಗ್ ಅತಿ ಗಡಸು.

ರೀಬೌಂಡ್ ಗುಬುಟನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಹೊರಕ್ಕೆ ಕ್ಲಿಕ್ ಎಣಿಸುವುದು ಪದ್ಧತಿ. ಕಂಪನಿಯ ಕೈಪಿಡಿ ಹೇಳಿದಲ್ಲಿಂದ ಆರಂಭಿಸಿ, ಒಂದೇ ರಸ್ತೆಯ ಒಂದೇ ತುಣುಕಿನಲ್ಲಿ, ಒಂದು ಸಲಕ್ಕೆ ಎರಡು ಕ್ಲಿಕ್ಕಿನಂತೆ ಬದಲಿಸುತ್ತಾ ಬಂದೆ. ರೀಬೌಂಡ್ ಕಡಿಮೆಯಾದಾಗ ಉಬ್ಬಿನ ನಂತರ ಸೀಟು ನಮ್ಮನ್ನು ಎತ್ತಿ ಎಸೆಯುತ್ತದೆ, ಇದನ್ನು ಎಲ್ಲರೂ ಗುರುತಿಸುತ್ತಾರೆ. ಹೆಚ್ಚಾದಾಗ ಆಗುವುದನ್ನು ಗುರುತಿಸುವುದು ಕಷ್ಟ: ಸಾಲಾಗಿ ಬರುವ ಸಣ್ಣ ಗುಂಡಿಗಳಲ್ಲಿ ಚಕ್ರ ಒಂದರಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಂದು, ಸಸ್ಪೆನ್ಷನ್ ಹಂತಹಂತವಾಗಿ ಕೆಳಗಿಳಿದು, ಕೊನೆಗೆ ಕಲ್ಲಿನಂತಾಗುತ್ತದೆ. ಆಗ ಸವಾರ ಸ್ಪ್ರಿಂಗ್ ಗಡಸಾಯಿತೆಂದು ತಿಳಿದು ತಪ್ಪು ದಿಕ್ಕಿನಲ್ಲಿ ಸರಿಪಡಿಸಲು ಹೋಗುವ ಸಾಧ್ಯತೆ ಹೆಚ್ಚು. ಪೂರ್ಣ ಹೊರೆಗೆ ಪ್ರೀಲೋಡ್ ಏರಿಸಿದಾಗ ರೀಬೌಂಡನ್ನೂ ಎರಡು ಕ್ಲಿಕ್ ಮುಚ್ಚುವುದು ನನ್ನ ಬೈಕಿಗೆ ಒಗ್ಗಿದೆ, ಏಕೆಂದರೆ ಹೆಚ್ಚು ಒತ್ತಿಹೋದ ಸ್ಪ್ರಿಂಗ್ ಹೆಚ್ಚು ಬಲದಿಂದ ಮರಳುತ್ತದೆ.

ರಸ್ತೆಯ ಮೇಲೆ ಮೊದಲು ಅನುಭವಕ್ಕೆ ಬಂದ ವ್ಯತ್ಯಾಸ ಆರಾಮದ್ದಲ್ಲ, ಸ್ಟೀರಿಂಗಿನದು. ಪೂರ್ಣ ಹೊರೆಯಲ್ಲಿ ಬೈಕು ಒಬ್ಬನೇ ಕುಳಿತಾಗಿನ ನಿಲುವಿಗೆ ಹತ್ತಿರದಲ್ಲೇ ನಿಲ್ಲುವುದರಿಂದ ತಿರುವಿಗೆ ಬಾಗಿಸಲು ಬೇಕಾಗುವ ಒತ್ತಡ ಎರಡೂ ಸಂದರ್ಭಗಳಲ್ಲಿ ಬಹುತೇಕ ಒಂದೇ ಆಯಿತು. ಘಟ್ಟದ ರಸ್ತೆಯಲ್ಲಿ ಒಂದರ ಬೆನ್ನಿಗೊಂದು ತಿರುವು ಬಂದಾಗ ಎಡದಿಂದ ಬಲಕ್ಕೆ ಹೊರಳುವ ಬೈಕಿನ ಹಿಂಭಾಗ ಈಗ ಮುಂಭಾಗದ ಜೊತೆಗೇ ಬರುತ್ತದೆ. ಮೊದಲು ಅದು ಕ್ಷಣಕಾಲ ತಡವಾಗಿ, ತೊನೆದಾಡಿ ಬರುತ್ತಿತ್ತು. ತಿರುವಿನ ಮಧ್ಯೆ ಡಾಂಬರಿನ ತೇಪೆ ಎದುರಾದರೆ ಚಕ್ರ ಅದನ್ನು ಹತ್ತಿ ಇಳಿಯುತ್ತದೆ, ಬೈಕಿನ ಗೆರೆ ಬದಲಾಗುವುದಿಲ್ಲ. ವೇಗದ ದೀರ್ಘ ಉಬ್ಬುತಗ್ಗುಗಳಲ್ಲಿ ಒಂದೇ ಚಲನೆ, ಅಷ್ಟಕ್ಕೇ ಶಾಂತ. ಬಿಸಿಲಿನಲ್ಲಿ ಇಡೀ ದಿನ ಓಡಿಸಿದ ಮೇಲೆ ಸಂಜೆಯ ಶಾಕ್ ಬೆಳಗಿನ ಶಾಕಿನಂತೆಯೇ ಇತ್ತು. ದೂರ ಹೋಗುವವರಿಗೆ ಇದಕ್ಕಿಂತ ದೊಡ್ಡ ಗುಣ ನನಗೆ ತೋಚುವುದಿಲ್ಲ. ಹಿಂಬದಿ ಸವಾರರ ಮಾತನ್ನೂ ದಾಖಲಿಸಬೇಕು, ಏಕೆಂದರೆ ಅವರು ಹೆಚ್ಚುಕಡಿಮೆ ಹಿಂದಿನ ಚಕ್ರದ ಮೇಲೆಯೇ ಕುಳಿತಿರುತ್ತಾರೆ, ಶಾಕಿನ ನಿಜವಾದ ಗ್ರಾಹಕರು ಅವರೇ. ಸೀಟು ಮೊದಲಿಗಿಂತ ಗಡಸೆನಿಸುತ್ತದೆ, ಆದರೆ ಬೆನ್ನಿಗೆ ಏಟು ಬೀಳುತ್ತಿಲ್ಲ, ಗುಂಡಿಗೆ ಮೊದಲೇ ಮೈ ಬಿಗಿಹಿಡಿಯಬೇಕಾದ ಅಗತ್ಯ ಬೀಳುತ್ತಿಲ್ಲ ಎಂಬುದು ಅವರ ತೀರ್ಪು. ತಳ ಮುಟ್ಟಿದ ಅನುಭವ ಹೊಸ ಶಾಕಿನಲ್ಲಿ ಈವರೆಗೆ ಆಗಿಲ್ಲ.

ಇಷ್ಟು ಹೇಳಿದ ಮೇಲೆ ಇಂಥ ಶಾಕ್ ಏನನ್ನು ಮಾಡಲಾರದು ಎಂಬುದನ್ನೂ ಸ್ಪಷ್ಟಪಡಿಸಬೇಕು. ಹೊರೆಗೆಂದು ಆಯ್ದ ಸ್ಪ್ರಿಂಗ್ ಒಬ್ಬನೇ ನಿಧಾನವಾಗಿ ಓಡಿಸುವಾಗ ಮೆದುವಾಗಿರಲು ಸಾಧ್ಯವಿಲ್ಲ. ಸೇತುವೆಯ ಕೀಲುಗಳು, ಚೂಪಾದ ಅಂಚಿನ ಉಬ್ಬುಗಳು ಕಡಿಮೆ ವೇಗದಲ್ಲಿ ಮೊದಲಿಗಿಂತ ಸ್ಪಷ್ಟವಾಗಿ ತಿಳಿಯುತ್ತವೆ. ಇದು ಭೌತಶಾಸ್ತ್ರದ ಮಿತಿಯೇ ಹೊರತು ತಯಾರಿಕೆಯದ್ದಲ್ಲ. ಸುರುಳಿಗಳ ಅಂತರ ಬದಲಾಗುತ್ತಾ ಹೋಗುವ, ಒತ್ತಿದಷ್ಟೂ ಗಡಸಾಗುವ ಪ್ರೋಗ್ರೆಸಿವ್ ಸ್ಪ್ರಿಂಗ್ ಇದಕ್ಕೆ ಒಂದು ರಾಜಿ. ನೆದರ್ಲೆಂಡ್ಸಿನ ಹೈಪರ್‌ಪ್ರೊ ಆ ದಾರಿಯಲ್ಲಿ ಹೆಸರು ಮಾಡಿದೆ. ಆದರೆ ಲಿಂಕೇಜ್ ತಾನೇ ಸ್ವಲ್ಪ ಪ್ರೋಗ್ರೆಸಿವ್ ಆಗಿರುವ ಬೈಕಿಗೆ ಸಮ ಸ್ಪ್ರಿಂಗೇ ಹೊಂದಿಸಲು ಸುಲಭ ಎಂಬುದು ನನ್ನ ನಿಲುವು. ಎರಡನೆಯದಾಗಿ, ಬೈಕು ಹೊರಬಹುದಾದ ಗರಿಷ್ಠ ತೂಕ ಈ ಶಾಕಿನಿಂದ ಒಂದು ಕೆ.ಜಿ.ಯೂ ಹೆಚ್ಚುವುದಿಲ್ಲ. ಆ ಮಿತಿ ಚೌಕಟ್ಟು, ಚಕ್ರ, ಬ್ರೇಕ್, ಟೈರ್ ಇವೆಲ್ಲವನ್ನೂ ಒಳಗೊಂಡದ್ದು, ಹಿಂಭಾಗ ಕುಸಿಯುತ್ತಿಲ್ಲವೆಂಬ ಧೈರ್ಯದಲ್ಲಿ ಇನ್ನೊಂದು ಚೀಲ ಕಟ್ಟುವುದು ಅಪಾಯ. ಮೂರನೆಯದು ನನಗೆ ಬಹಳ ಮುಖ್ಯವಾಗಿ ಕಂಡದ್ದು: ಹಿಂಭಾಗ ಸರಿಯಾದ ಕೂಡಲೇ ಮುಂದಿನ ಫೋರ್ಕಿನ ದೌರ್ಬಲ್ಯ ಬೆಳಕಿಗೆ ಬರುತ್ತದೆ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮೂತಿ ಆಳಕ್ಕೆ ಬಗ್ಗುವುದು, ಎರಡು ತುದಿಗಳ ವೇಗ ಹೊಂದದಿರುವುದು ಮೊದಲೂ ಇತ್ತು, ಈಗ ಎದ್ದು ಕಾಣುತ್ತದೆ. ಫೋರ್ಕಿನ ಎಣ್ಣೆ ಬದಲಿಸಿ ಸ್ಪ್ರಿಂಗುಗಳನ್ನು ತೂಕಕ್ಕೆ ಹೊಂದಿಸುವ ಖರ್ಚನ್ನೂ ಮೊದಲೇ ಎಣಿಸಿಕೊಂಡಿರುವುದು ಒಳ್ಳೆಯದು.

ಎಲ್ಲರಿಗೂ ಇದು ಬೇಕೆಂದು ನಾನು ಹೇಳುವುದಿಲ್ಲ. ಸದಾ ಒಬ್ಬರೇ, ಒಂದು ಸಣ್ಣ ಚೀಲದೊಂದಿಗೆ ಓಡಿಸುವವರ ಬೈಕಿನ ಮೂಲ ಶಾಕ್ ಇನ್ನೂ ಆರೋಗ್ಯವಾಗಿದ್ದರೆ, ಅದರ ಸ್ಪ್ರಿಂಗನ್ನು ಮಾತ್ರ ಬದಲಿಸಿದರೂ ಬಹುಪಾಲು ಲಾಭ ಸಿಗುತ್ತದೆ. ಡ್ಯಾಂಪರ್ ದಣಿದಿದ್ದರೆ ಮಾತ್ರ ಹೊಸ ಸ್ಪ್ರಿಂಗ್ ಸಮಸ್ಯೆಯನ್ನು ಹೆಚ್ಚಿಸುತ್ತದೆ, ಗಡಸು ಸ್ಪ್ರಿಂಗಿಗೆ ಹೆಚ್ಚು ರೀಬೌಂಡ್ ಬೇಕಲ್ಲವೆ. ಕೆಲವು ಮೂಲ ಶಾಕ್‌ಗಳನ್ನು ಬಿಚ್ಚಿ ಎಣ್ಣೆ, ಸೀಲ್ ಬದಲಿಸಬಹುದು; ಅನೇಕವನ್ನು ಕಾರ್ಖಾನೆಯಲ್ಲೇ ಅಂಚು ಮಡಚಿ ಮುಚ್ಚಿರುತ್ತಾರೆ, ಅವುಗಳನ್ನು ಬಿಚ್ಚುವುದು ತಜ್ಞರ ಕೆಲಸ, ಕೆಲವೊಮ್ಮೆ ಅಸಾಧ್ಯ. ಎಲೆಕ್ಟ್ರಾನಿಕ್ ಸಸ್ಪೆನ್ಷನ್ ಇರುವ ಬೈಕುಗಳ ಮಾಲೀಕರು ಇನ್ನಷ್ಟು ಎಚ್ಚರ ವಹಿಸಬೇಕು. ಬಿಎಂಡಬ್ಲ್ಯು 2004ರಲ್ಲಿ ಕೆ 1200 ಎಸ್ ಜೊತೆಗೆ ಗುಂಡಿ ಒತ್ತಿ ಹೊಂದಿಸುವ ಸಸ್ಪೆನ್ಷನ್ ತಂದ ಬಳಿಕ ಈ ಬಗೆ ದೊಡ್ಡ ಪ್ರವಾಸಿ ಬೈಕುಗಳಲ್ಲಿ ಸಾಮಾನ್ಯವಾಗಿದೆ. ಅಂಥ ಬೈಕಿನಲ್ಲಿ ಸಾಧಾರಣ ಶಾಕ್ ಹಾಕಿದರೆ ನಿಯಂತ್ರಕ ಘಟಕ ದೋಷದ ಸೂಚನೆ ತೋರಿಸಬಹುದು, ಹಾಗಾಗಿ ಮೂಲ ವ್ಯವಸ್ಥೆಗೆ ಹೊಂದುವ ಶಾಕ್ ಲಭ್ಯವೇ ಎಂದು ಮೊದಲು ವಿಚಾರಿಸಬೇಕು. ಎಸ್‌ಟಿಎಕ್ಸ್ 46ರಂಥ ಶಾಕಿನ ದೊಡ್ಡ ಗುಣ ಅದನ್ನು ಪೂರ್ತಿ ಬಿಚ್ಚಿ ಮರುಜೋಡಿಸಬಹುದು ಎಂಬುದು, ಆದರೆ ಅದೇ ಗುಣ ಒಂದು ಜವಾಬ್ದಾರಿಯೂ ಹೌದು: ಎಣ್ಣೆ ಹಳತಾಗುತ್ತದೆ, ಸೀಲು ಸವೆಯುತ್ತದೆ, ನೈಟ್ರೋಜನ್ ಮತ್ತೆ ತುಂಬಬೇಕಾಗುತ್ತದೆ, ಇದಕ್ಕೆ ಸಲಕರಣೆಯಿರುವ ಕಾರ್ಯಾಗಾರ ತಲುಪುವಷ್ಟು ದೂರದಲ್ಲಿರಬೇಕು. ಹಾಗೆ ಯಾರೂ ಇಲ್ಲದಿದ್ದರೆ ನಾನು ಈ ಶಾಕನ್ನು ಶಿಫಾರಸು ಮಾಡಲು ಹಿಂಜರಿಯುತ್ತೇನೆ. ಶಾಕಿನ ದಂಡದ ಮೇಲೆ ಕಲ್ಲು, ಕೆಸರು ಎರಚದಂತೆ ಹಿಂಚಕ್ರದ ಮುಂದೆ ಒಂದು ಮಡ್‌ಗಾರ್ಡ್ ಹಾಕಿಸಿಕೊಂಡರೆ ಸೀಲಿನ ಆಯುಷ್ಯ ಹೆಚ್ಚುತ್ತದೆ. ಇದು ಸಣ್ಣ ಖರ್ಚಿನ ದೊಡ್ಡ ರಕ್ಷಣೆ.

ಕೊಳ್ಳಲು ಮನಸ್ಸು ಮಾಡಿದವರು ಆರ್ಡರ್ ಕೊಡುವ ಮೊದಲು ಒಂದು ತಕ್ಕಡಿಯನ್ನು ಹುಡುಕಬೇಕು. ಸವಾರನ ತೂಕವನ್ನು ಹೆಲ್ಮೆಟ್, ಜಾಕೆಟ್, ಬೂಟುಗಳ ಸಮೇತ ನೋಡಬೇಕು, ಆ ಉಡುಪೇ ಸುಲಭವಾಗಿ 8ರಿಂದ 10 ಕೆ.ಜಿ. ತೂಗುತ್ತದೆ. ಹಿಂಬದಿ ಸವಾರರದ್ದೂ ಹಾಗೆಯೇ. ಪ್ಯಾನಿಯರ್‌ಗಳನ್ನು ಖಾಲಿಯಾಗಿ ಅಲ್ಲ, ನಿಜವಾಗಿ ಪ್ರವಾಸಕ್ಕೆ ತುಂಬುವಂತೆ ತುಂಬಿ ತೂಗಬೇಕು. ಪೆಟ್ಟಿಗೆ ಮತ್ತು ಅದರ ಕಬ್ಬಿಣದ ಚೌಕಟ್ಟಿನ ತೂಕವನ್ನೂ ಸೇರಿಸಬೇಕು. ವರ್ಷದಲ್ಲಿ ಎಷ್ಟು ಭಾಗ ಒಬ್ಬರೇ, ಎಷ್ಟು ಭಾಗ ಇಬ್ಬರು ಎಂಬುದನ್ನೂ ಮಾರಾಟಗಾರರಿಗೆ ಪ್ರಾಮಾಣಿಕವಾಗಿ ತಿಳಿಸಬೇಕು, ಏಕೆಂದರೆ ಎರಡು ಸ್ಪ್ರಿಂಗುಗಳ ನಡುವೆ ಅನುಮಾನ ಬಂದಾಗ ತೀರ್ಮಾನ ಆಗುವುದು ಆ ಮಾತಿನ ಮೇಲೆ. ಈ ಯಾವ ಪ್ರಶ್ನೆಯನ್ನೂ ಕೇಳದೆ ಬೈಕಿನ ಮಾದರಿಯ ಹೆಸರನ್ನಷ್ಟೇ ಬರೆದುಕೊಂಡು ಶಾಕ್ ಮಾರಲು ಮುಂದಾಗುವ ಅಂಗಡಿಯಲ್ಲಿ, ಪೆಟ್ಟಿಗೆಯ ಮೇಲೆ ಯಾರ ಹೆಸರಿದ್ದರೂ, ಕೊಳ್ಳಬಾರದು.